ಮಗಳನ್ನು ಮನೆಯಲ್ಲೇ ಓದಿಸಿದರೆ ಕೇಸ್ ಆಗುತ್ತದೆಯೇ?

ಪ್ರಶ್ನೆ: ನಾವು ಸಾಗರ ತಾಲ್ಲೂಕಿನ ಒಂದು ಹಳ್ಳಿಯವರು. ಮಗಳಿಗೆ ಎಂಟೂವರೆ ವರ್ಷ. ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಮೂರನೇ ತರಗತಿ ಮುಗಿಸಿದ್ದಾಳೆ. ಇಡೀ ಶಾಲೆಗೆ ಇಬ್ಬರೇ ಮೇಷ್ಟ್ರು. ಅವರು ಒಳ್ಳೆಯವರೇ, ಆದರೆ ತರಬೇತಿ, ಮೀಟಿಂಗ್ ಅಂತ ಓಡಾಟವೇ ಹೆಚ್ಚು. ನಾನು ಬಿ.ಎಸ್ಸಿ. ಓದಿದ್ದೇನೆ, ಯಜಮಾನರು ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುತ್ತಾರೆ. ನಾಲ್ಕನೇ ತರಗತಿಯಿಂದ ನಾವೇ ಕಲಿಸೋಣ ಎಂದುಕೊಂಡು ಜೂನ್‌ನಿಂದ ಕಳಿಸಿಲ್ಲ. ಕಳೆದ ವಾರ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮನೆಗೆ ಬಂದು, ‘ಹೀಗೆ ಮಾಡಿದರೆ ಕೇಸ್ ಆಗುತ್ತೆ’ ಎಂದು ಹೇಳಿಹೋದರು. ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳಿದರೆ, ‘ಹೋಮ್‌ಸ್ಕೂಲಿಂಗ್ ಭಾರತದಲ್ಲಿ ಪೂರ್ತಿ ಕಾನೂನುಬದ್ಧ, ಕೋರ್ಟೇ ಹೇಳಿದೆ’ ಅಂದರು. ನಮ್ಮ ಭಾವ, ‘ಹೆಸರು ಶಾಲೆಯಲ್ಲೇ ಇರಲಿ, ಪರೀಕ್ಷೆಗೆ ಮಾತ್ರ ಕಳಿಸಿ’ ಅನ್ನುತ್ತಾರೆ. ಯಾವುದು ಸರಿ? ಟಿಸಿ ತೆಗೆದುಕೊಳ್ಳಬೇಕೇ? ಮುಂದೆ ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿಗೆ ತೊಂದರೆಯಾಗುತ್ತದೆಯೇ?

ಉತ್ತರ: ಮೂವರು ಮೂರು ಮಾತು ಹೇಳಿದ್ದಾರೆ. ಸಿಆರ್‌ಪಿ ಹೆದರಿಸಿದ್ದರಲ್ಲಿ ಅರ್ಧ ನಿಜ, ಗುಂಪಿನವರು ಧೈರ್ಯ ತುಂಬಿದ್ದರಲ್ಲಿ ಅರ್ಧ ನಿಜ. ಭಾವನವರ ಸಲಹೆ ಮಾತ್ರ ಪೂರ್ತಿ ಕೈಬಿಡಬೇಕಾದದ್ದು. ಆದರೆ ನಿಮ್ಮ ಮಗಳಿಗೆ ನಿಜವಾಗಿ ತಟ್ಟುವ ವಿಷಯವೊಂದನ್ನು ಮೂವರೂ ಹೇಳಿಲ್ಲ. ಅದು ಕೇಸಿನದ್ದಲ್ಲ, ವರ್ಷಗಳ ಲೆಕ್ಕದ್ದು. ಅಲ್ಲಿಗೆ ಬರುವ ಮೊದಲು ಕಾನೂನನ್ನು ನೋಡಿಬಿಡೋಣ.

2009ರ ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ಆರ್‌ಟಿಇ, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. 6ರಿಂದ 14 ವರ್ಷದ ಮಕ್ಕಳಿಗೆ ಅದು ಅನ್ವಯಿಸುತ್ತದೆ. ಅದರ 10ನೇ ಕಲಂ, ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪ್ರತಿಯೊಬ್ಬ ತಂದೆ-ತಾಯಿ ಅಥವಾ ಪೋಷಕರ ಕರ್ತವ್ಯ ಎನ್ನುತ್ತದೆ. ಇಂಗ್ಲೆಂಡಿನ 1996ರ ಶಿಕ್ಷಣ ಕಾಯ್ದೆಯ 7ನೇ ಕಲಮೂ ಪೋಷಕರ ಕರ್ತವ್ಯವನ್ನೇ ಹೇಳುತ್ತದೆ, ಆದರೆ ಅಲ್ಲಿ ‘ಶಾಲೆಯಲ್ಲಾಗಲಿ, ಬೇರೆ ರೀತಿಯಲ್ಲಾಗಲಿ’ ಎಂಬ ಮಾತಿದೆ. ಆ ‘ಬೇರೆ ರೀತಿ’ಯ ಬಾಗಿಲಿನಿಂದಲೇ ಅಲ್ಲಿಯ ಮನೆಶಿಕ್ಷಣದ ಕುಟುಂಬಗಳು ಒಳಗೆ ಬರುತ್ತವೆ. ನಮ್ಮ 10ನೇ ಕಲಮಿನಲ್ಲಿ ಆ ಬಾಗಿಲು ಇಲ್ಲ. ಹಾಗಾಗಿ ‘ಪೂರ್ತಿ ಕಾನೂನುಬದ್ಧ’ ಅನ್ನುವವರು ಕಾಯ್ದೆಯನ್ನು ತೆರೆದು ನೋಡಿಲ್ಲ ಎಂದೇ ಅರ್ಥ.

ಇನ್ನೊಂದು ಮುಖವೂ ಇದೆ. ಆ ಕರ್ತವ್ಯ ಪಾಲಿಸದ ಪೋಷಕರಿಗೆ ಆರ್‌ಟಿಇ ಯಾವ ಶಿಕ್ಷೆಯನ್ನೂ ಹೇಳಿಲ್ಲ, ದಂಡವನ್ನೂ ಹೇಳಿಲ್ಲ. ಕಾಯ್ದೆ ಬರೆದವರು ದಂಡ ವಿಧಿಸುವುದನ್ನು ಮರೆತರು ಅಂತಲ್ಲ. ಅದೇ ಕಾಯ್ದೆಯ 18ನೇ ಕಲಮಿನಲ್ಲಿ, ಮಾನ್ಯತೆ ಇಲ್ಲದೆ ಶಾಲೆ ನಡೆಸಿದವರಿಗೆ 1 ಲಕ್ಷ ರೂಪಾಯಿವರೆಗೆ ದಂಡ, ಆಮೇಲೂ ನಡೆಸಿದರೆ ದಿನಕ್ಕೆ 10,000 ರೂಪಾಯಿ ಎಂದು ಚೊಕ್ಕವಾಗಿ ಬರೆದಿದ್ದಾರೆ. ‘ಕಡ್ಡಾಯ’ ಎಂದರೇನು ಎಂಬುದನ್ನು 8ನೇ ಕಲಂ ಬಿಡಿಸಿ ಹೇಳುತ್ತದೆ. ಮಗುವಿನ ದಾಖಲಾತಿ, ಹಾಜರಾತಿ, ಎಂಟನೇ ತರಗತಿವರೆಗಿನ ಓದು, ಇವನ್ನು ನೋಡಿಕೊಳ್ಳುವ ಹೊಣೆ ಸರ್ಕಾರದ್ದು. ಕಡ್ಡಾಯದ ಭಾರ ಮುಖ್ಯವಾಗಿ ಬೀಳುವುದು ಸರ್ಕಾರದ ತಲೆಯ ಮೇಲೆ, ಅದಕ್ಕೇ ಸಿಆರ್‌ಪಿ ನಿಮ್ಮ ಮನೆ ಬಾಗಿಲಿಗೆ ಬಂದದ್ದು. ಓದು ಬಿಡಿಸಿ ಮನೆಯಲ್ಲಿಟ್ಟುಕೊಂಡರೆ ಈ ಕಾಯ್ದೆಯಡಿ ಪೊಲೀಸ್ ಕೇಸ್ ಆಗಿ ಜೈಲಿಗೆ ಹೋಗುತ್ತೀರಿ ಎಂಬುದು ಬರೀ ಬೆದರಿಕೆ. ಆದರೆ ರಾಜ್ಯದ 1983ರ ಶಿಕ್ಷಣ ಕಾಯ್ದೆಯಲ್ಲಿ ಹಾಜರಾತಿ ಪ್ರಾಧಿಕಾರ, ಹಾಜರಾತಿ ಆದೇಶ ಎಂಬ ವ್ಯವಸ್ಥೆಗಳಿವೆ. ಅಂಥ ನೋಟಿಸ್ ಬಂದರೆ ಕಪಾಟಿನೊಳಗೆ ಇಟ್ಟು ಸುಮ್ಮನಿರಬೇಡಿ, ಕೊಟ್ಟ ಗಡುವಿನೊಳಗೆ ಬರಹದಲ್ಲೇ ಉತ್ತರ ಕೊಡಿ.

‘ಕೋರ್ಟೇ ಹೇಳಿದೆ’ ಎಂಬುದರ ಮೂಲ ಇದು. 2011ರಲ್ಲಿ ದೆಹಲಿ ಹೈಕೋರ್ಟಿಗೆ ಮನೆಶಿಕ್ಷಣದ ಬಗ್ಗೆ ಒಂದು ಅರ್ಜಿ ಹೋಯಿತು. 2012ರಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯ, ಸ್ವಇಚ್ಛೆಯಿಂದ ಮನೆಶಿಕ್ಷಣ ಆರಿಸಿಕೊಂಡವರಿಗೆ ಆರ್‌ಟಿಇ ಅಡ್ಡಿಯಲ್ಲ ಎಂಬ ಅರ್ಥದ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಿತು. ಗುಂಪುಗಳಲ್ಲಿ ಓಡಾಡುವ ಪಿಡಿಎಫ್ ಅದೇ. ಸರ್ಕಾರದ ವಕೀಲರು ಸಲ್ಲಿಸಿದ ಪ್ರಮಾಣಪತ್ರ ಬೇರೆ, ನ್ಯಾಯಾಲಯ ಕೊಟ್ಟ ತೀರ್ಪು ಬೇರೆ. ಸರ್ಕಾರ ನಾಳೆ ಬೇರೆ ನಿಲುವು ತಳೆಯಬಹುದು, ಅದಕ್ಕೆ ಕಾಯ್ದೆಯನ್ನು ತಿದ್ದಬೇಕಿಲ್ಲ. ಆ ಕಾಗದ ಹಿಡಿದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ ವಾದಿಸಿದರೆ ಕೆಲಸ ಕೆಡುತ್ತದೆ.

ಕಾಯ್ದೆ ಬಾಯಿಬಿಟ್ಟು ಒಪ್ಪಿಕೊಂಡ ಮನೆಶಿಕ್ಷಣ ಒಂದೇ ಒಂದು. 2012ರ ತಿದ್ದುಪಡಿಯ ಪ್ರಕಾರ ತೀವ್ರ ಅಂಗವೈಕಲ್ಯ ಅಥವಾ ಬಹುವಿಧ ಅಂಗವೈಕಲ್ಯ ಇರುವ ಮಗು ಗೃಹಾಧಾರಿತ ಶಿಕ್ಷಣ ಆರಿಸಿಕೊಳ್ಳಬಹುದು. ಅಂಥ ಮಗುವಿನ ಹೆಸರು ಶಾಲೆಯ ದಾಖಲೆಯಲ್ಲೇ ಇರುತ್ತದೆ, ಅಂಗವಿಕಲ ಮಕ್ಕಳಿಗೆ ಕಲಿಸುವ ಬ್ಲಾಕಿನ ವಿಶೇಷ ಶಿಕ್ಷಕರು (ಬಿಐಇಆರ್‌ಟಿ) ಮನೆಗೆ ಬರುತ್ತಾರೆ. ನಿಮ್ಮ ಮಗಳಿಗೆ ಇದು ಅನ್ವಯಿಸುವುದಿಲ್ಲ. ಆದರೂ ಹೇಳಿದ್ದೇಕೆಂದರೆ, ‘ಗೃಹಾಧಾರಿತ ಶಿಕ್ಷಣಕ್ಕೆ ಅವಕಾಶ ಇದೆಯಲ್ಲ’ ಎಂದು ಇದೇ ಸಾಲನ್ನು ತೋರಿಸುವವರು ಇದ್ದಾರೆ.

ಸಿಆರ್‌ಪಿ ಬಂದದ್ದರ ಹಿಂದೆ ವೈಯಕ್ತಿಕ ದ್ವೇಷ ಹುಡುಕಬೇಡಿ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು. ಅಲ್ಲಿಂದೀಚೆಗೆ ಈ ರಾಜ್ಯದಲ್ಲಿ ಹಿಡಿತ ಬಿಗಿಯಾಗಿದೆ. ಕಾರಣವಿಲ್ಲದೆ ಸತತ ಏಳು ದಿನ ಶಾಲೆಗೆ ಬಾರದ ಮಗುವಿನ ಬಗ್ಗೆ ವಿಚಾರಿಸಬೇಕು. ಶಾಲಾ ಮಕ್ಕಳ ದಾಖಲೆ ಇಡುವ ರಾಜ್ಯದ ಎಸ್‌ಎಟಿಎಸ್ ತಂತ್ರಾಂಶದಲ್ಲಿ ನಿಮ್ಮ ಮಗಳಿಗೆ ಒಂದು ನಂಬರ್ ಇದೆ. ಅವಳು ಯಾವ ಶಾಲೆಯಲ್ಲೂ ಇಲ್ಲವೆಂದಾದರೆ ಆ ನಂಬರ್ ಕ್ಲಸ್ಟರಿನ ಬಾಕಿ ಪಟ್ಟಿಯಲ್ಲಿ ತೂಗಾಡುತ್ತದೆ. ಕೇಂದ್ರದ ಶಾಲಾ ಮಾಹಿತಿ ತಂತ್ರಾಂಶವಾದ ಯುಡೈಸ್ ಪ್ಲಸ್‌ನಲ್ಲಿ ಅದಕ್ಕೆ ‘ಡ್ರಾಪ್ ಬಾಕ್ಸ್’ ಎಂದೇ ಹೆಸರು. ಪ್ರತಿ ಮೀಟಿಂಗಿನಲ್ಲಿ ಬಿಇಒ ಕೇಳುವ ಮೊದಲ ಪ್ರಶ್ನೆ, ‘ನಿಮ್ಮ ಡ್ರಾಪ್ ಬಾಕ್ಸ್‌ನಲ್ಲಿ ಎಷ್ಟು ಮಕ್ಕಳಿದ್ದಾರೆ?’ ಶಾಲೆ ಬಿಟ್ಟದ್ದು ಹೆಣ್ಣು ಮಗುವಾದರೆ ಬಾಲ್ಯವಿವಾಹದ ಅನುಮಾನ, ತೋಟ ಇರುವ ಮನೆಯಾದರೆ ಕೆಲಸಕ್ಕೆ ಹಚ್ಚಿದ್ದಾರೆಂಬ ಅನುಮಾನ. ಅವು ಹುಸಿ ಅನುಮಾನಗಳಲ್ಲ, ಬಹಳಷ್ಟು ಮನೆಗಳಲ್ಲಿ ನಿಜವೇ ಆಗಿರುತ್ತವೆ. ನಿಮ್ಮ ಮನೆ ಅಂಥದ್ದಲ್ಲ ಎಂದು ಅವರಿಗೆ ಕಾಣುವಂತೆ ಮಾಡುವುದೇ ನಿಮ್ಮ ಮೊದಲ ಕೆಲಸ.

ಅದಕ್ಕೆ ಒಂದು ಪತ್ರ ಬೇಕು. ಇಲ್ಲಿ ಪೋಷಕರು ಸಾಮಾನ್ಯವಾಗಿ ಎಡವುವುದು ವಿಷಯದ ಸಾಲಿನಲ್ಲೇ. ‘ಮನೆಶಿಕ್ಷಣಕ್ಕೆ ಅನುಮತಿ ಕೋರಿ’ ಎಂದು ಬರೆಯುತ್ತಾರೆ. ಬಿಇಒಗೆ ಅಂಥ ಅನುಮತಿ ಕೊಡುವ ಅಧಿಕಾರ ಯಾವ ಕಾನೂನಿನಲ್ಲೂ ಇಲ್ಲ. ಇಲ್ಲದ ಅಧಿಕಾರವನ್ನು ಚಲಾಯಿಸಿ ಎಂದು ಕೇಳಿದರೆ ಅವರು ಕೊಡಬಹುದಾದ ಉತ್ತರ ಒಂದೇ, ‘ಅವಕಾಶವಿರುವುದಿಲ್ಲ, ಕೂಡಲೇ ಶಾಲೆಗೆ ದಾಖಲಿಸತಕ್ಕದ್ದು’. ಆ ಹಿಂಬರಹ ಒಮ್ಮೆ ಕೈಗೆ ಬಂದರೆ ನೀವು ಅಧಿಕಾರಿಯ ಲಿಖಿತ ಸೂಚನೆಯನ್ನು ಮೀರಿದವರಾಗುತ್ತೀರಿ. ಆದ್ದರಿಂದ ವಿಷಯದ ಸಾಲಿನಲ್ಲಿ ‘ಮಾಹಿತಿಗಾಗಿ’ ಎಂದಷ್ಟೇ ಬರೆಯಿರಿ. ಒಳಗೆ ಮಗಳ ಹೆಸರು, ಹುಟ್ಟಿದ ದಿನಾಂಕ, ಎಸ್‌ಎಟಿಎಸ್ ನಂಬರ್, ಓದಿದ ಶಾಲೆ, ಮುಗಿಸಿದ ತರಗತಿ. ಆಮೇಲೆ ನಾಲ್ಕೇ ಸಾಲು: ಮನೆಯಲ್ಲಿ ಯಾರು ಕಲಿಸುತ್ತಾರೆ, ಅವರ ವಿದ್ಯಾಭ್ಯಾಸವೇನು, ಯಾವ ಪಠ್ಯಕ್ರಮ, ಮುಂದೆ ಯಾವ ಮಾನ್ಯ ಮಂಡಳಿಯ ಪರೀಕ್ಷೆ ಅಥವಾ ಯಾವ ತರಗತಿಗೆ ಮರಳಿ ಶಾಲೆ. ಮಗುವನ್ನು ಯಾವಾಗ ಬೇಕಾದರೂ ಬಂದು ನೋಡಬಹುದು ಎಂಬ ಸಾಲನ್ನು ಮರೆಯಬೇಡಿ, ಅನುಮಾನ ಕರಗಿಸುವುದು ಅದೇ. ಹಕ್ಕು, ಸಂವಿಧಾನ, ಕೋರ್ಟು ಏನನ್ನೂ ಎತ್ತಬೇಡಿ. ಮೂರು ಪ್ರತಿ ಮಾಡಿ, ಒಂದನ್ನು ಮುಖ್ಯಶಿಕ್ಷಕರಿಗೆ, ಒಂದನ್ನು ಬಿಇಒ ಕಚೇರಿಯ ಟಪಾಲಿಗೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ತಾರೀಖು ಸಮೇತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಇದು ನಿಮಗೆ ರಕ್ಷಾಕವಚವೇನೂ ಅಲ್ಲ. ಆದರೆ ಮುಂದೊಂದು ದಿನ ಯಾರಾದರೂ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ, ಮಗುವನ್ನು ಬಚ್ಚಿಟ್ಟವರಲ್ಲ ಎಂದು ತೋರಿಸಲು ನಿಮ್ಮ ಕೈಯಲ್ಲಿ ಒಂದು ಕಾಗದ ಇರುತ್ತದೆ.

ಇನ್ನು ಭಾವನವರ ಸಲಹೆ. ಸರ್ಕಾರಿ ಶಾಲೆಯ ಹಾಜರಾತಿ ಪುಸ್ತಕದ ಮೇಲೆ ಬೇರೆ ಲೆಕ್ಕಗಳು ನಿಂತಿವೆ. ಇವತ್ತು ಎಷ್ಟು ಮಕ್ಕಳು ಬಂದರು ಎಂಬ ಸಂಖ್ಯೆಯ ಮೇಲೇ ಬಿಸಿಯೂಟದ ಅಕ್ಕಿ, ಬೇಳೆ, ಎಣ್ಣೆ, ಹಾಲಿನ ಪುಡಿ, ಮೊಟ್ಟೆ ಖರ್ಚು ಬೀಳುತ್ತದೆ. ಬಾರದ ಮಗುವಿಗೆ ಹಾಜರಿ ಹಾಕಿದರೆ ತಿನ್ನದ ಮೊಟ್ಟೆಯ ಲೆಕ್ಕವನ್ನೂ ಬರೆಯಬೇಕು. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಅಮಾನತಾಗುವವರು ಹೆಡ್‌ಮಾಸ್ಟರು, ನೀವಲ್ಲ. ಹಾಜರಿ ಹಾಕದೆ ಹೆಸರು ಮಾತ್ರ ಇಟ್ಟರೆ ಏಳು ದಿನದ ನಿಯಮ ಮತ್ತೆ ಶುರುವಾಗುತ್ತದೆ. ಹಣ ಪಡೆದು ‘ಡಮ್ಮಿ’ ದಾಖಲಾತಿ ಕೊಡುವ ಖಾಸಗಿ ಶಾಲೆಗಳೂ ಇವೆ. ಅಲ್ಲಿ ಅಪಾಯ ಹತ್ತನೇ ತರಗತಿಯಲ್ಲಿ ಎದುರಾಗುತ್ತದೆ, ಏಕೆಂದರೆ ಪರೀಕ್ಷೆಗೆ ಕೂರಲು ಶೇ 75 ಹಾಜರಾತಿ ಬೇಕು, ಮಂಡಳಿ ತನಿಖೆಗೆ ಬಂದಾಗ ಶಾಲೆಯವರು ಮೊದಲು ಕೈಬಿಡುವುದು ಇಂಥ ಮಕ್ಕಳನ್ನೇ.

ಈಗ ನಿಜವಾದ ಲೆಕ್ಕಕ್ಕೆ ಬರೋಣ. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಸಿಇಟಿ ಮೂಲಕ ಸರ್ಕಾರಿ ಕೋಟಾದ ಸೀಟು ಬೇಕಾದರೆ ಅರ್ಹತಾ ಕಲಂಗಳಿವೆ. ಬಹುತೇಕ ಕನ್ನಡಿಗ ಮಕ್ಕಳು ಅರ್ಹರಾಗುವುದು ‘ಎ’ ಕಲಮಿನಡಿ: 1ನೇ ತರಗತಿಯಿಂದ 2ನೇ ಪಿಯುಸಿವರೆಗಿನ 12 ವರ್ಷಗಳಲ್ಲಿ ಕನಿಷ್ಠ 7 ವರ್ಷ ಕರ್ನಾಟಕದ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಶಾಲೆ-ಕಾಲೇಜಿನಲ್ಲಿ ಓದಿರಬೇಕು, ಜೊತೆಗೆ ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿಯನ್ನು ಕರ್ನಾಟಕದಲ್ಲೇ ಪಾಸು ಮಾಡಿರಬೇಕು. ಮನೆಯಲ್ಲಿ ಓದಿದ ವರ್ಷ ಇದರೊಳಗೆ ಸೇರುವುದಿಲ್ಲ.

ನಿಮ್ಮ ಮಗಳ ವಿಷಯದಲ್ಲಿ ಬೆರಳೆಣಿಸಿ ನೋಡಿ. ಈಗ ಕೈಯಲ್ಲಿ 3 ವರ್ಷ ಇದೆ. ಹತ್ತರವರೆಗೂ ಮನೆಯಲ್ಲೇ ಓದಿ, ಮುಕ್ತ ಶಾಲೆಯ ಹತ್ತನೇ ಪರೀಕ್ಷೆ ಬರೆದು ಪಿಯು ಕಾಲೇಜು ಸೇರಿದರೆ 3 ಮತ್ತು 2, ಒಟ್ಟು 5. ಎರಡು ವರ್ಷ ಕಡಿಮೆ. ನಾಲ್ಕರಿಂದ ಏಳರವರೆಗೆ ಮನೆಯಲ್ಲಿ ಓದಿ ಎಂಟಕ್ಕೆ ಶಾಲೆಗೆ ಮರಳಿದರೆ 3, ಮತ್ತೆ 8, 9, 10ರ 3, ಪಿಯುಸಿಯ 2, ಒಟ್ಟು 8. ಒಂದು ವರ್ಷ ಉಳಿಕೆಯೂ ಇರುತ್ತದೆ. ಒಂಬತ್ತಕ್ಕೆ ಮರಳಿದರೆ ಸರಿಯಾಗಿ 7, ಉಳಿಕೆ ಇಲ್ಲ.

‘ಎ’ ತಪ್ಪಿದರೆ ದಾರಿಯೇ ಮುಚ್ಚಿತು ಅಂತಲ್ಲ. ಮಗು ಎರಡೂ ಪಿಯುಸಿ ವರ್ಷಗಳನ್ನು ಇಲ್ಲೇ ಓದಿ, ತಂದೆ-ತಾಯಿಯಲ್ಲೊಬ್ಬರು ಕರ್ನಾಟಕದಲ್ಲಿ 7 ವರ್ಷ ಓದಿದ್ದನ್ನು ತೋರಿಸುವ ಇನ್ನೊಂದು ಕಲಮಿದೆ. ಅದಕ್ಕೆ ನಿಮ್ಮಿಬ್ಬರ ಹಳೆಯ ವ್ಯಾಸಂಗ ಪ್ರಮಾಣಪತ್ರಗಳು ಬೇಕು, ಇಪ್ಪತ್ತು ಮೂವತ್ತು ವರ್ಷ ಹಿಂದಿನ ದಾಖಲಾತಿ ವಹಿಯಲ್ಲಿ ಹೆಸರು ಹುಡುಕಿಸಬೇಕು. ಆ ದಾರಿಗೆ ಹೋಗುವುದಾದರೆ ಈಗಲೇ ತೆಗೆಸಿಟ್ಟುಕೊಳ್ಳಿ. ಕಲಮುಗಳ ಮಾತುಗಳನ್ನು ಕೆಇಎ ಪ್ರತಿ ವರ್ಷ ಮಾಹಿತಿ ಪುಸ್ತಕದಲ್ಲಿ ಅಚ್ಚು ಹಾಕುತ್ತದೆ, ಆಯಾ ವರ್ಷದ್ದನ್ನೇ ಓದಬೇಕು.

ಆದರೆ ಯಾವ ಪರ್ಯಾಯ ಕಲಮಿನಿಂದಲೂ ವಾಪಸ್ ಬಾರದ ಎರಡು ವಸ್ತುಗಳಿವೆ, ಅವೆರಡೂ ಇವತ್ತು ನಿಮ್ಮ ಮಗಳ ಕೈಯಲ್ಲಿವೆ. ಒಂದು, ಗ್ರಾಮೀಣ ಮೀಸಲಾತಿ. ಇನ್ನೊಂದು, ಕನ್ನಡ ಮಾಧ್ಯಮ ಮೀಸಲಾತಿ. ಸಿಇಟಿಯಲ್ಲಿ ಗ್ರಾಮೀಣದವರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5. ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25, ಕನ್ನಡ ಮಾಧ್ಯಮದವರಿಗೆ ಶೇ 5. ಇವಕ್ಕೆ 1ರಿಂದ 10ರವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ, ಅಥವಾ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ಸರಪಳಿಯ ಒಂದು ಕೊಂಡಿ ಕಳಚಿದರೂ ಆಯಿತು. ನೀವು ಅದೇ ಹಳ್ಳಿಯಲ್ಲಿ, ಅದೇ ಮನೆಯಲ್ಲಿ, ಕನ್ನಡದಲ್ಲೇ ಕಲಿಸಿದರೂ ಆ ನಾಲ್ಕನೇ ತರಗತಿಗೆ ಪ್ರಮಾಣಪತ್ರ ಕೊಡಲು ಯಾವ ಹೆಡ್‌ಮಾಸ್ಟರಿಗೂ ಆಗದು. ಬೆಂಗಳೂರಿನ ಇಂಗ್ಲಿಷ್ ಮಾಧ್ಯಮದ ಮಗುವನ್ನು ಬಿಡಿಸುವುದಕ್ಕೂ ಸಾಗರದ ಹಳ್ಳಿಯ ಕನ್ನಡ ಶಾಲೆಯ ಮಗುವನ್ನು ಬಿಡಿಸುವುದಕ್ಕೂ ಇರುವ ವ್ಯತ್ಯಾಸ ಇದೇ. ಬೆಂಗಳೂರಿನ ಗುಂಪುಗಳಲ್ಲಿ ಈ ಮಾತು ಬರುವುದೇ ಇಲ್ಲ, ಏಕೆಂದರೆ ಅಲ್ಲಿಯ ಮಕ್ಕಳಿಗೆ ಕಳೆದುಕೊಳ್ಳಲು ಆ ಮೀಸಲಾತಿ ಮೊದಲಿಗೇ ಇರುವುದಿಲ್ಲ.

ಇದನ್ನು ತಿಳಿದೂ ಬಿಡಿಸುವುದು ನಿಮ್ಮ ಇಷ್ಟ. ಮಗಳು ಸಿಇಟಿ, ಸರ್ಕಾರಿ ನೌಕರಿ ಯಾವುದರ ಕಡೆಗೂ ಹೋಗದೆ ಇರಬಹುದು. ತಿಳಿಯದೆ ಬಿಡಿಸಿ, ಅವಳಿಗೆ ಹದಿನೆಂಟಾದಾಗ ಅರ್ಜಿ ತುಂಬುತ್ತಾ ಗೊತ್ತಾಗಬಾರದು, ಅಷ್ಟೇ.

ಟಿಸಿಯ ವಿಷಯ. ಬಿಡಿಸುವುದು ಖಚಿತವಾದರೆ ಟಿಸಿ ತೆಗೆದುಕೊಳ್ಳಿ. ಆರ್‌ಟಿಇಯ 5ನೇ ಕಲಮಿನ ಪ್ರಕಾರ ಬೇರೆ ಶಾಲೆಗೆ ಹೋಗುವ ಮಗುವಿಗೆ ಮುಖ್ಯಶಿಕ್ಷಕರು ತಡಮಾಡದೆ ಟಿಸಿ ಕೊಡಬೇಕು. ‘ಯಾವ ಶಾಲೆಗೆ?’ ಎಂದು ಅವರು ಕೇಳುವುದೂ ಸಹಜ. ಸುಳ್ಳು ಹೆಸರು ಹೇಳಬೇಡಿ, ಎಸ್‌ಎಟಿಎಸ್‌ನಲ್ಲಿ ಆ ಶಾಲೆ ಮಗುವನ್ನು ಸೇರಿಸಿಕೊಳ್ಳದಿದ್ದರೆ ಎರಡೇ ವಾರದಲ್ಲಿ ಬಯಲಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ವ್ಯಾಸಂಗ ಪ್ರಮಾಣಪತ್ರ. 1, 2, 3ನೇ ತರಗತಿಗಳನ್ನು ಯಾವ ಯಾವ ವರ್ಷ ಓದಿದಳು, ಮಾಧ್ಯಮ ಕನ್ನಡ, ಶಾಲೆ ಗ್ರಾಮೀಣ ಪ್ರದೇಶದ್ದು, ಇಷ್ಟನ್ನೂ ಬರೆಸಿ ಬಿಇಒ ಮೇಲುಸಹಿ ಹಾಕಿಸಿ ಈಗಲೇ ಇಟ್ಟುಕೊಳ್ಳಿ. ಮಕ್ಕಳ ಸಂಖ್ಯೆ ಕುಸಿದ ಚಿಕ್ಕ ಶಾಲೆಗಳು ಪಕ್ಕದ ಶಾಲೆಯೊಂದಿಗೆ ವಿಲೀನವಾಗುತ್ತವೆ, ಆಗ ಹಳೆಯ ವಹಿ ಯಾವ ಬೀರುವಿನಲ್ಲಿದೆ ಎಂದು ಹುಡುಕುವುದೇ ಒಂದು ಕೆಲಸ.

ಮುಂದಿನ ಪರೀಕ್ಷೆಗೆ ಮೂರು ದಾರಿ. ಮನೆಶಿಕ್ಷಣದವರಲ್ಲಿ ಹೆಚ್ಚಿನವರು ಹಿಡಿಯುವುದು ಎನ್‌ಐಒಎಸ್, ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. 1989ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಮಂಡಳಿ ಅದು, ಬೆಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರ ಇದೆ. ಚಿಕ್ಕ ಮಕ್ಕಳಿಗೆ ಅದರಲ್ಲಿ ಮುಕ್ತ ಮೂಲ ಶಿಕ್ಷಣ ಎಂಬ ವಿಭಾಗವಿದೆ: ಎ, ಬಿ, ಸಿ ಹಂತಗಳು ಕ್ರಮವಾಗಿ 3, 5, 8ನೇ ತರಗತಿಗೆ ಸಮ. ಹತ್ತನೇ ತರಗತಿಯ ಕೋರ್ಸಿಗೆ ಸೇರಲು 14 ವರ್ಷ ತುಂಬಿರಬೇಕು, ಅದಕ್ಕಿಂತ ಮೊದಲು ಎಷ್ಟೇ ಚುರುಕಾಗಿದ್ದರೂ ತೆಗೆದುಕೊಳ್ಳುವುದಿಲ್ಲ. ಕನಿಷ್ಠ ಐದು ವಿಷಯ, ಅದರಲ್ಲಿ ಭಾಷೆ ಒಂದು ಅಥವಾ ಎರಡು. ಪಾಸಿಗೆ ಶೇ 33, ಪ್ರಯೋಗವಿರುವ ವಿಷಯದಲ್ಲಿ ಬರವಣಿಗೆಗೂ ಪ್ರಯೋಗಕ್ಕೂ ಬೇರೆ ಬೇರೆ. ನೋಂದಣಿ ಐದು ವರ್ಷ ಚಾಲ್ತಿಯಲ್ಲಿರುತ್ತದೆ, ಅಷ್ಟರಲ್ಲಿ ಒಂಬತ್ತು ಅವಕಾಶ. ಸಾರ್ವಜನಿಕ ಪರೀಕ್ಷೆ ವರ್ಷಕ್ಕೆ ಎರಡು ಬಾರಿ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ.

ಇಲ್ಲಿ ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಮೊದಲನೆಯದು ವಿಷಯದ ಆಯ್ಕೆ. ಎನ್‌ಐಒಎಸ್‌ನಲ್ಲಿ ಚಿತ್ರಕಲೆ, ಗೃಹವಿಜ್ಞಾನ, ಡೇಟಾ ಎಂಟ್ರಿ ಎಲ್ಲವೂ ಪೂರ್ಣ ವಿಷಯಗಳು. ‘ಸುಲಭ’ ಅಂತ ಅವನ್ನು ತೆಗೆದುಕೊಂಡು ಗಣಿತ, ವಿಜ್ಞಾನ ಬಿಟ್ಟ ಮಗು ಹತ್ತನ್ನು ಒಳ್ಳೆಯ ಅಂಕದಲ್ಲೇ ಪಾಸಾಗುತ್ತದೆ, ಪಿಯುಸಿ ವಿಜ್ಞಾನದ ಕೌಂಟರಿನಲ್ಲಿ ವಾಪಸ್ ಬರುತ್ತದೆ. ನಿಮ್ಮ ಮಗಳು ಯಾವ ಕಡೆ ಹೋಗುತ್ತಾಳೆ ಎಂದು ಗೊತ್ತಿಲ್ಲದಿದ್ದರೆ ಕನ್ನಡ (ವಿಷಯ ಸಂಕೇತ 208), ಇಂಗ್ಲಿಷ್ (202), ಗಣಿತ (211), ವಿಜ್ಞಾನ ಮತ್ತು ತಂತ್ರಜ್ಞಾನ (212), ಸಮಾಜ ವಿಜ್ಞಾನ (213) ಇವೈದನ್ನೇ ಇಟ್ಟುಕೊಳ್ಳಿ, ಚಿತ್ರಕಲೆ ಬೇಕಿದ್ದರೆ ಆರನೆಯದಾಗಿ ಸೇರಿಸಿ. ಎರಡನೆಯದು ಟಿಎಂಎ, ಅಂದರೆ ಮನೆಯಲ್ಲಿ ಬರೆದು ಕೊಡುವ ನಿಯೋಜಿತ ಕೆಲಸ. ಅದಕ್ಕೆ ಶೇ 20 ಅಂಕವಿದೆ, ತಾರೀಖು ದಾಟಿದರೆ ಹೋಯಿತು. ಪಾಠವೆಲ್ಲ ಗೊತ್ತಿದ್ದೂ ಈ ಇಪ್ಪತ್ತನ್ನು ಸುಮ್ಮನೆ ಬಿಟ್ಟವರು ಬೇಕಾದಷ್ಟಿದ್ದಾರೆ.

ಎನ್‌ಐಒಎಸ್ ಓದಿದವರಿಗೆ ವೈದ್ಯಕೀಯ ಸಿಗುವುದಿಲ್ಲ ಎಂಬ ಮಾತು ಇನ್ನೂ ಓಡಾಡುತ್ತಿದೆ. 2018ರಲ್ಲಿ ನೀಟ್ ಅಧಿಸೂಚನೆಯಲ್ಲಿ ಮುಕ್ತ ಶಾಲೆಯವರನ್ನು ಹೊರಗಿಟ್ಟಿದ್ದು ನಿಜ. ಅದೇ ವರ್ಷ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಆ ನಿರ್ಬಂಧವನ್ನು ತೆಗೆದುಹಾಕಿತು. ಎನ್‌ಐಒಎಸ್‌ನಿಂದ ಪಿಯುಸಿಗೆ ಹೋಗಲು ಅಂಕಪಟ್ಟಿಯ ಜೊತೆಗೆ ಅವರು ಕೊಡುವ ವಲಸೆ ಪ್ರಮಾಣಪತ್ರವೂ ಬೇಕು. ಅದನ್ನು ಮನೆಯಲ್ಲಿ ಬಿಟ್ಟು ಬರೀ ಅಂಕಪಟ್ಟಿ ಹಿಡಿದು ಹೋದರೆ ಎರಡನೇ ಸಲ ಬಸ್ಸು ಹತ್ತಬೇಕು.

ಎರಡನೇ ದಾರಿ, ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ. ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಪ್ರತಿ ವರ್ಷ ಅಧಿಸೂಚನೆ ಹೊರಡಿಸುತ್ತದೆ, ಮಾನ್ಯ ಪ್ರೌಢಶಾಲೆಯೊಂದರ ಮೂಲಕ ನೋಂದಾಯಿಸಬೇಕು. ಮೂರು ಭಾಷೆ ಓದಬೇಕು, ಎನ್‌ಐಒಎಸ್‌ನ ಸಡಿಲ ಇಲ್ಲಿಲ್ಲ. ಪರೀಕ್ಷೆಯನ್ನು ಕರ್ನಾಟಕದಲ್ಲೇ ಪಾಸಾದಂತಾಗುತ್ತದೆ, ಆದರೆ ಏಳು ವರ್ಷದ ಲೆಕ್ಕಕ್ಕೆ ಒಂದು ವರ್ಷವೂ ಕೂಡುವುದಿಲ್ಲ. ಹಾಗಾಗಿ ನಿಮ್ಮ ಸ್ಥಿತಿಯಲ್ಲಿ ಇದರಿಂದ ದೊಡ್ಡ ಲಾಭ ಕಾಣುವುದಿಲ್ಲ.

ಮೂರನೆಯದು, ನಾನು ಹೆಚ್ಚು ಒಲವು ತೋರುವುದು, ಎಂಟಕ್ಕೆ ಶಾಲೆಗೆ ಮರಳುವುದು. ಆರ್‌ಟಿಇಯ 4ನೇ ಕಲಂ ಪ್ರಕಾರ ಶಾಲೆಯ ಹೊರಗಿದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, 13ನೇ ಕಲಂ ಪ್ರಕಾರ ಪ್ರವೇಶಕ್ಕೆ ಮಗುವನ್ನಾಗಲಿ ಪೋಷಕರನ್ನಾಗಲಿ ಜರಡಿ ಹಿಡಿಯುವಂತಿಲ್ಲ, 14ನೇ ಕಲಂ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದೂ ನಿರಾಕರಿಸುವಂತಿಲ್ಲ. ಆದರೆ ಈ ರಕ್ಷಣೆ ಇರುವುದು ಎಂಟನೇ ತರಗತಿವರೆಗೆ, 14 ವರ್ಷದವರೆಗೆ. ಹದಿಮೂರಕ್ಕೆ ಎಂಟಕ್ಕೆ ಸೇರಿದ ಮಗು ನಡುವೆ 14 ದಾಟಿದರೂ ಎಂಟು ಮುಗಿಯುವವರೆಗೆ ಹಕ್ಕು ಉಳಿಯುತ್ತದೆ. ಹದಿನಾಲ್ಕೂವರೆಗೆ ನೇರ ಒಂಬತ್ತಕ್ಕೆ ಹೋಗಿ ನಿಂತರೆ ‘ಎಂಟು ಪಾಸಾದ ಟಿಸಿ ಎಲ್ಲಿ?’ ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಆಗ ಕೈಯಲ್ಲಿ ಎನ್‌ಐಒಎಸ್‌ನ ‘ಸಿ’ ಹಂತದ ಪ್ರಮಾಣಪತ್ರ ಇದ್ದರೆ ಮಾತ್ರ ಮಾತಾಡಬಹುದು. ನಿಮ್ಮ ಮಗಳಿಗೆ ಎಂಟನೇ ತರಗತಿಯ ಜೂನ್‌ಗೆ ಹನ್ನೆರಡೂವರೆ ಆಗಿರುತ್ತದೆ, ಕಾಲ ಸರಿಯಾಗಿ ಕೂಡಿಬರುತ್ತದೆ. ಕಾನೂನು ಏನೇ ಹೇಳಲಿ, ಖಾಸಗಿ ಶಾಲೆಗಳು ಟಿಸಿ ಇಲ್ಲದ ಮಗುವಿನ ಮುಂದೆ ತಲೆ ಕೆರೆದುಕೊಳ್ಳುತ್ತವೆ, ಸರ್ಕಾರಿ ಪ್ರೌಢಶಾಲೆಗಳಲ್ಲಿ ಆ ರಗಳೆ ಕಡಿಮೆ. ಈ ದಾರಿ ಹಿಡಿಯುವುದಾದರೆ ಮನೆಯಲ್ಲೂ ರಾಜ್ಯದ ಪಠ್ಯಪುಸ್ತಕಗಳನ್ನೇ ಬೆನ್ನೆಲುಬಾಗಿ ಇಟ್ಟುಕೊಳ್ಳಿ, ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಮನೆಯಲ್ಲಿ ಓದಿದ ಮಕ್ಕಳು ಮರಳಿ ಶಾಲೆಗೆ ಬಂದಾಗ ತೊಡಕು ಕಾಣುವುದು ಗಣಿತದಲ್ಲಲ್ಲ, ಹಿಂದಿ ಮತ್ತು ವೇಗವಾಗಿ ಬರೆಯುವುದರಲ್ಲಿ. ಆರನೇ ತರಗತಿಯ ವಯಸ್ಸಿನಿಂದ ಮೂರನೇ ಭಾಷೆ ಶುರುಮಾಡಿ.

‘ಆನ್‌ಲೈನ್ ಶಾಲೆ’ಗಳ ಜಾಹೀರಾತು ನಿಮಗೂ ಬಂದಿರುತ್ತದೆ. ತರಗತಿ ಚೆನ್ನಾಗಿರಬಹುದು, ಅದಕ್ಕೆ ಹಣ ಕೊಡಿ. ಅವರು ಕೊಡುವ ‘ಐದನೇ ತರಗತಿ ಪಾಸ್’ ಎಂಬ ಬಣ್ಣದ ಕಾಗದಕ್ಕೆ ಕೊಡಬೇಡಿ. ಅದರ ಹಿಂದಿನ ಮಂಡಳಿಯ ಹೆಸರನ್ನು ಶಾಲಾ ಶಿಕ್ಷಣ ಮಂಡಳಿಗಳ ಒಕ್ಕೂಟವಾದ ಕಾಬ್ಸೆಯ ಪಟ್ಟಿಯಲ್ಲಿ ಹುಡುಕಿ, ಇಲ್ಲದಿದ್ದರೆ ಅಲ್ಲಿಗೇ ಬಿಡಿ. ಹಾಗೆಯೇ ನೆರೆಯ ನಾಲ್ಕು ಮನೆಯ ಮಕ್ಕಳನ್ನು ಸೇರಿಸಿಕೊಂಡು ಶುಲ್ಕ, ಬೋರ್ಡು, ಸಮವಸ್ತ್ರ ಅಂತ ಶುರುಮಾಡಿದರೆ ನೀವು ಮನೆಶಿಕ್ಷಣ ಬಿಟ್ಟು ಮಾನ್ಯತೆಯಿಲ್ಲದ ಶಾಲೆಯಾಗುತ್ತೀರಿ, ಮೇಲೆ ಹೇಳಿದ 1 ಲಕ್ಷದ ದಂಡ ಇರುವುದು ಅಂಥವರಿಗೇ.

ಶಾಲೆಯ ಬಗ್ಗೆ ನೀವು ಬರೆದದ್ದಕ್ಕೆ ಒಂದು ಮಾತು. 1ರಿಂದ 5ರವರೆಗೆ 60 ಮಕ್ಕಳಿಗೆ ಇಬ್ಬರು ಶಿಕ್ಷಕರು ಎಂಬುದು ಆರ್‌ಟಿಇ ಅನುಸೂಚಿಯ ಲೆಕ್ಕವೇ, ಹಾಗಾಗಿ ಮೂರನೆಯವರನ್ನು ಕೇಳಿ ಅರ್ಜಿ ಕೊಟ್ಟರೆ ಸಿಗುವುದಿಲ್ಲ. ನಲಿಕಲಿಯ (ಮೊದಲ ಮೂರು ತರಗತಿಗಳ ಚಟುವಟಿಕೆ ಆಧಾರಿತ ಕಲಿಕೆ) ಮೂರು ವರ್ಷ ಮುಗಿಸಿದ ಮಗುವಿಗೆ ನಾಲ್ಕನೇ ತರಗತಿಯ ಬೆಂಚು, ಪುಸ್ತಕ ಎಲ್ಲವೂ ಹೊಸದು, ಮೊದಲ ಒಂದೆರಡು ತಿಂಗಳು ಮುಗ್ಗರಿಸುವುದು ಸಾಮಾನ್ಯ. ಶಾಲೆ ಮುಗಿಸಿ ಬಂದ ಮೇಲೆ ದಿನಕ್ಕೆ ಎರಡು ಗಂಟೆ ನೀವಿಬ್ಬರೂ ಕಲಿಸಿದರೆ ಬೇಕಾದ್ದು ಸಿಗುತ್ತದೆಯೇ, ಆ ಸರಪಳಿಯೂ ಉಳಿಯುತ್ತದೆಯೇ ಎಂದು ಒಮ್ಮೆ ಕೂತು ಯೋಚಿಸಿ.

ಯಾವ ದಾರಿ ಹಿಡಿದರೂ ಈ ವಾರ ಮಾಡಬೇಕಾದ ಒಂದು ಸಣ್ಣ ಕೆಲಸ: ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲಾತಿ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು ನೋಡಿ. ಒಂದರಲ್ಲಿ ಇನಿಷಿಯಲ್ ಮುಂದೆ, ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು, ನಮ್ಮ ಕಡೆ ಹೀಗೇ ಇರುವುದು. ಶಾಲೆಯಲ್ಲಿದ್ದಾಗ ಇದನ್ನು ತಿದ್ದಿಸಲು ಒಬ್ಬ ಹೆಡ್‌ಮಾಸ್ಟರು ಇರುತ್ತಾರೆ, ಮನೆಯಲ್ಲಿ ಓದುವಾಗ ಎಲ್ಲಕ್ಕೂ ನೀವೇ ಓಡಾಡಬೇಕು. ಮನಸ್ಸು ಬದಲಾದರೆ ಮುಂದಿನ ಜೂನ್‌ವರೆಗೆ ಕಾಯಬೇಕಾಗಿಲ್ಲ. 15ನೇ ಕಲಂ ಪ್ರಕಾರ ವರ್ಷದ ನಡುವೆ ಬಂದ ಮಗುವನ್ನೂ ಶಾಲೆ ತಿರುಗಿ ಕಳಿಸುವಂತಿಲ್ಲ. ಈ ತಿಂಗಳಲ್ಲೇ ಮರಳಿದರೆ ನಾಲ್ಕನೇ ತರಗತಿಯ ವರ್ಷವೂ ಲೆಕ್ಕಕ್ಕೆ ಬರುತ್ತದೆ.